ಮಾತ್ರೆ ಸಿಗೋದು ಎಲ್ಲಿ? ಕೋಟದ ಅಧ್ಯಯನ, ಬಳ್ಳಾರಿ ಮಾದರಿ ಮತ್ತು ತಾಳ್ಯದ ಪ್ರಶ್ನೆ

ಹೊಳಲ್ಕೆರೆ ತಾಲೂಕಿನ ತಾಳ್ಯ ಹೋಬಳಿಯ ಒಂದು ಮನೆ ಅಂದುಕೊಳ್ಳಿ. ಮಗ ರಾತ್ರಿಯೆಲ್ಲ ನಿದ್ದೆ ಮಾಡಲ್ಲ, ಒಬ್ಬನೇ ಮಾತಾಡ್ತಾನೆ. ಮನೆಯವರು ಮೊದಲು ಯಾರ ಹತ್ತಿರ ಹೋಗ್ತಾರೆ? ದೇವರು ಹೇಳುವವರ ಹತ್ತಿರ ಹೋದರೆ ನಾವು ಪೇಟೆಯಲ್ಲಿ ಕೂತು ‘ಮೌಢ್ಯ’ ಅಂತ ಷರಾ ಬರೀತೀವಿ. ಈ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆಯೇ ಕರ್ನಾಟಕದ ಒಂದು ಹಳ್ಳಿಯಲ್ಲಿ ಗಂಭೀರವಾಗಿ ಕೇಳಿದವರು ಮನೋವೈದ್ಯ ಆರ್.ಎಲ್. ಕಪೂರ್.

ಕೋಟದಲ್ಲಿ ಕಂಡದ್ದು

ಸ್ಕಾಟ್ಲೆಂಡಿನ ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಜೊತೆ ಕಪೂರ್ ಬರೆದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ 1976ರಲ್ಲಿ ಬಂತು. ಅಧ್ಯಯನ ನಡೆದದ್ದು ಕರಾವಳಿಯ ಕೋಟದಲ್ಲಿ, ಬ್ರಾಹ್ಮಣರು, ಬಂಟರು ಮತ್ತು ಮೀನುಗಾರ ಮೊಗವೀರರ ನಡುವೆ. ಅಳಿಯಸಂತಾನದಂಥ ಹಳೆಯ ಕಟ್ಟು ಸಡಿಲವಾಗುತ್ತಿದ್ದ ಕಾಲ ಅದು. ಈ ಬದಲಾವಣೆ ಮನಸ್ಸಿನ ಮೇಲೆ ಯಾವ ಒತ್ತಡ ತರುತ್ತೆ ಅನ್ನೋದು ಅವರ ಮುಖ್ಯ ಪ್ರಶ್ನೆಯಾಗಿತ್ತು.

ಮನೆಮನೆಗೆ ಹೋಗಿ ಕೇಳಲು ಅವರು ಪ್ರತ್ಯೇಕ ಪ್ರಶ್ನಾವಳಿಯನ್ನೇ ರೂಪಿಸಿದರು. ರೋಗಕ್ಕೆ ಹೆಸರಿಡುವ ಅವಸರ ಅದರಲ್ಲಿರಲಿಲ್ಲ. ಜನ ಅನುಭವಿಸುತ್ತಿದ್ದ ಲಕ್ಷಣಗಳನ್ನು ಅದು ಎಣಿಸುತ್ತಿತ್ತು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಯಸ್ಕರಲ್ಲಿ ಒಂದಾದರೂ ಲಕ್ಷಣ ಕಂಡಿತು. ‘ಮಾನಸಿಕ ಸಮಸ್ಯೆ ನಗರದ ಕಾಯಿಲೆ, ಹಳ್ಳಿಯವರು ನೆಮ್ಮದಿಯಾಗಿದ್ದಾರೆ’ ಅನ್ನೋ ಕತೆ ಅಲ್ಲಿಗೆ ಬಿದ್ದುಹೋಯಿತು.

ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಕೋಟದಲ್ಲಿ ನಾಟಿ ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು, ಇಂಗ್ಲಿಷ್ ಔಷಧಿಯ ಡಾಕ್ಟರು ಎಲ್ಲರೂ ಇದ್ದರು. ಕಷ್ಟ ಬಂದವರು ಇವರಲ್ಲಿ ಒಬ್ಬರನ್ನೇ ಆರಿಸಿಕೊಳ್ಳಲಿಲ್ಲ. ಅನೇಕರು ಎರಡೂ ಕಡೆ ಹೋದರು. ಅಂದರೆ ಜನ ಡಾಕ್ಟರನ್ನು ತಿರಸ್ಕರಿಸಿರಲಿಲ್ಲ. ಹತ್ತಿರದಲ್ಲಿ ಕೂತು ಕಷ್ಟ ಕೇಳುವವರನ್ನು ಬಿಟ್ಟಿರಲಿಲ್ಲ, ಅಷ್ಟೇ.

ಬಳ್ಳಾರಿ ಕೊಟ್ಟ ಉತ್ತರ

ಮುಂದೆ ಕಪೂರ್ ನಿಮ್ಹಾನ್ಸ್‌ಗೆ ಬಂದರು. ಆಸ್ಪತ್ರೆಯ ಗೋಡೆಯಾಚೆಗೆ ಹೋಗುವ ಕೆಲಸ ಅಲ್ಲಿ 1970ರ ದಶಕದ ಮಧ್ಯದಲ್ಲಿ, ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಮಾಮೂಲಿ ಡಾಕ್ಟರಿಗೇ ತರಬೇತಿ ಕೊಟ್ಟರೆ ಹೇಗೆ ಅನ್ನೋದು ಯೋಚನೆ.

1985ರಲ್ಲಿ ಅದು ಚಿತ್ರದುರ್ಗದ ಪಕ್ಕದ ಬಳ್ಳಾರಿಗೆ ಬಂತು. ಇಡೀ ಜಿಲ್ಲೆ, ಸುಮಾರು 20 ಲಕ್ಷ ಜನ. ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ, ಆಯ್ದ ಕೆಲವೇ ಔಷಧಿ, ಸರಳ ದಾಖಲೆ, ತಿಂಗಳಿಗೊಮ್ಮೆ ಪರಿಶೀಲನೆ. ಇದೇ ‘ಬಳ್ಳಾರಿ ಮಾದರಿ’. 1996ರಲ್ಲಿ ಶುರುವಾದ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ.

ಕಾನೂನಿನಲ್ಲಿರುವ ಸಂದು

2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 18ನೇ ಸೆಕ್ಷನ್ ಚಿಕಿತ್ಸೆಯನ್ನು ಹಕ್ಕು ಅಂತಲೇ ಹೇಳುತ್ತೆ. ಪ್ರಾಥಮಿಕ ಹಂತದಿಂದಲೇ ಸೇವೆ ಇರಬೇಕು ಅನ್ನುತ್ತೆ. ಆದರೆ ಅಗತ್ಯ ಔಷಧಿಗಳನ್ನು ಸದಾ ಉಚಿತವಾಗಿ ಕೊಡುವ ಖಾತ್ರಿ ಇರೋದು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ ಮಾತ್ರ. ಬಳ್ಳಾರಿಯಲ್ಲಿ ಮಾತ್ರೆ ತಲುಪಿದ್ದು ಪಿಎಚ್‌ಸಿಗೆ; ಕಾನೂನಿನ ಖಾತ್ರಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೇ ನಿಂತಿದೆ.

ಒಂದು ಮೆಟ್ಟಿಲು ತಾನೇ ಅನ್ನಬೇಡಿ. ಈ ಮಾತ್ರೆಗಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನುಂಗಬೇಕು. ಪ್ರತಿ ಸಲ ಬಸ್ ಚಾರ್ಜು, ಜೊತೆಗೆ ಬರುವವರ ಒಂದು ದಿನದ ಕೂಲಿ. ಎರಡು ತಿಂಗಳು ತಪ್ಪಿದರೆ ಕಾಯಿಲೆ ಮರುಕಳಿಸಬಹುದು. 2015–16ರಲ್ಲಿ 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರು ಶೇ. 70ರಿಂದ 92. ಇಷ್ಟಕ್ಕೂ ಮೌಢ್ಯವೊಂದೇ ಕಾರಣ ಅನ್ನೋದು ಸರ್ಕಾರಕ್ಕೆ ಅನುಕೂಲದ ಉತ್ತರ.

ಕೇಳಬೇಕಾದ್ದು

2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಒಳ್ಳೆಯದೇ. ಆದರೆ ಫೋನಿನಲ್ಲಿ ಮಾತ್ರೆ ಬರಲ್ಲ.

ಕಪೂರ್ 2006ರಲ್ಲಿ ತೀರಿಕೊಂಡರು. ಅವರ ಕೆಲಸದಿಂದ ಕಲಿಯಬೇಕಾದ್ದು ಇಷ್ಟೇ: ಜನ ಯಾಕೆ ದೇವರ ಹತ್ತಿರ ಹೋಗ್ತಾರೆ ಅಂತ ಕೇಳೋ ಮೊದಲು, ಡಾಕ್ಟರು ಎಷ್ಟು ದೂರ ಇದ್ದಾರೆ ಅಂತ ಕೇಳಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಬಹುದು: ನಮ್ಮ ಪಿಎಚ್‌ಸಿಯಲ್ಲಿ ಮಾನಸಿಕ ಕಾಯಿಲೆಯ ಮಾತ್ರೆ ಈ ತಿಂಗಳು ಇದೆಯಾ?