ಕಿವಿ ಪುನರ್ರಚನೆ: ಮಾದರಿಗಳ ಮೇಲಿನ ತರಬೇತಿಯ ಇತಿಹಾಸ

ಹುಟ್ಟಿನಿಂದಲೇ ಬೆಳೆಯದ, ಇಲ್ಲವೇ ಹರಿದ, ಸುಟ್ಟ, ಕತ್ತರಿಸಿಹೋದ ಹೊರಕಿವಿಯನ್ನು ಮತ್ತೆ ರೂಪಿಸುವ ಶಸ್ತ್ರಚಿಕಿತ್ಸೆಯೇ ಕಿವಿ ಪುನರ್ರಚನೆ. ರೋಗಿಯನ್ನು ಮುಟ್ಟುವ ಮೊದಲು ಬೇರೆ ವಸ್ತುಗಳ ಮೇಲೆ ಕೈ ಪಳಗಿಸಿಕೊಳ್ಳುವ ಪದ್ಧತಿ ಭಾರತದಲ್ಲಿ ಬಹಳ ಹಳೆಯದು.

ಪ್ರಾಚೀನ ಪದ್ಧತಿ
ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯ ಪೂರ್ತಿ ಅಭ್ಯಾಸಕ್ಕೆ ಮೀಸಲು. ಛೇದನಕ್ಕೆ ಸೋರೆ, ಕಲ್ಲಂಗಡಿ, ಸೌತೆ. ಹೊಲಿಗೆಗೆ ಬಟ್ಟೆಯ ಅಂಚು ಮತ್ತು ಮೆದು ಚರ್ಮ. ಕಿವಿ ಜೋಡಣೆಗೆ ಮೃದು ಮಾಂಸ ಮತ್ತು ನೈದಿಲೆಯ ದಂಟು. ಎಷ್ಟೇ ಓದಿದ್ದರೂ ಇಂಥ ಅಭ್ಯಾಸ ಮಾಡದವನು ಚಿಕಿತ್ಸೆಗೆ ಅರ್ಹನಲ್ಲ ಎಂಬುದು ಅದರ ನಿಲುವು. 16ನೇ ಅಧ್ಯಾಯ ಹರಿದ ಕಿವಿಯ ಹಾಲೆಯನ್ನು ಕೂಡಿಸುವ 15 ವಿಧಾನಗಳನ್ನು ಹೇಳುತ್ತದೆ.

ಮೇಣದ ಅಚ್ಚು
ಇಂಗ್ಲಿಷ್ ಸೈನ್ಯದಲ್ಲಿ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್ಜಿ ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆ ಪ್ರದೇಶದ ವೈದ್ಯನೊಬ್ಬ ಅದನ್ನು ಮರಳಿ ರೂಪಿಸಿದ ವರದಿ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನ್‌ನಲ್ಲಿ ಅಚ್ಚಾಯಿತು. ತೆಳು ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಚರ್ಮಕ್ಕೆ ಗೆರೆ ಎಳೆಯುವುದು ಆ ವಿಧಾನ. ಹೀಗೆ ಮೊದಲು ಅಚ್ಚು ಮಾಡಿಕೊಂಡು ಆಮೇಲೆ ಕತ್ತರಿಸುವ ಕ್ರಮ ಕಿವಿಯ ಪುನರ್ರಚನೆಯಲ್ಲೂ ಇದೆ.

ಆಧುನಿಕ ಕಾಲ
ಅಮೆರಿಕದ ರಾಡ್‌ಫೋರ್ಡ್ ಟ್ಯಾಂಝರ್ 1959ರಲ್ಲಿ ರೋಗಿಯದೇ ಪಕ್ಕೆಲುಬಿನ ಮೃದ್ವಸ್ಥಿಯಿಂದ ಕಿವಿಯ ಚೌಕಟ್ಟು ಕೆತ್ತುವ ವಿಧಾನವನ್ನು ಪ್ರಕಟಿಸಿದರು. ಬಳಿಕ ಬರ್ಟ್ ಬ್ರೆಂಟ್, ಜಪಾನಿನ ಸಟೋರು ನಗಾಟಾ ಅದನ್ನು ಬೆಳೆಸಿದರು. ಸರಿಯಿರುವ ಕಿವಿಯ ಆಕಾರವನ್ನು ಪಾರದರ್ಶಕ ಹಾಳೆಯ ಮೇಲೆ ಗುರುತಿಸಿಕೊಂಡು ಅದರಂತೆ ಕೆತ್ತುತ್ತಾರೆ. ಮಗುವಿನ ಎದೆಯಲ್ಲಿ ಸಿಗುವ ಮೃದ್ವಸ್ಥಿ ಸ್ವಲ್ಪವೇ; ತಪ್ಪಿ ಕತ್ತರಿಸಿದ ತುಂಡಿಗೆ ಬದಲಿ ಸುಲಭವಾಗಿ ದೊರೆಯದು. ಕಿವಿ ಬೆಳೆಯದ ಸ್ಥಿತಿಯಾದ ಮೈಕ್ರೋಷಿಯಾ ಹತ್ತು ಸಾವಿರ ಶಿಶುಗಳಲ್ಲಿ ಕೆಲವರಿಗಷ್ಟೇ ಇರುವುದರಿಂದ ಕಲಿಯುವವರಿಗೆ ಅವಕಾಶವೂ ವಿರಳ. ಹೀಗಾಗಿ ಆಲೂಗಡ್ಡೆ, ಸೋಪು, ಹಂದಿಯ ಪಕ್ಕೆಲುಬಿನ ಮೇಲೆ ಕೆತ್ತನೆ ಕಲಿಸುವುದು ರೂಢಿಗೆ ಬಂತು. ಈಗ ಸಿ.ಟಿ. ಸ್ಕ್ಯಾನ್ ಆಧರಿಸಿ ತ್ರೀಡಿ ಮುದ್ರಣದ ಅಚ್ಚಿನಲ್ಲಿ ಎರೆದ ಸಿಲಿಕೋನ್ ಪಕ್ಕೆಲುಬುಗಳೂ ಬಳಕೆಯಲ್ಲಿವೆ.

ಉತ್ತರ ಕರ್ನಾಟಕ
ಹಿಡಕಲ್, ಗೋಕಾಕ, ಹುಕ್ಕೇರಿ ಭಾಗಕ್ಕೆ ಹತ್ತಿರದ ವೈದ್ಯಶಿಕ್ಷಣ ಕೇಂದ್ರ ಬೆಳಗಾವಿ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. 2019ರಿಂದ ಅಲ್ಲಿಗೂ ಅನ್ವಯಿಸುವ ದೇಶದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಕೌಶಲ ಪ್ರಯೋಗಾಲಯದ ಅಭ್ಯಾಸಕ್ಕೆ ಸ್ಥಾನ ದೊರೆತಿದೆ. ಭಾರದ ಓಲೆಯಿಂದ ಹರಿದ ಹಾಲೆ ಹೊಲಿಯುವುದಿರಲಿ, ಮಗುವಿಗೆ ಇಡೀ ಕಿವಿ ಕಟ್ಟುವುದಿರಲಿ, ಕಲಿಯುವವರ ಮೊದಲ ತಪ್ಪುಗಳು ಮಾದರಿಯ ಮೇಲೇ ಆಗಿಹೋಗಬೇಕು. ಸುಶ್ರುತನ ಕಾಲದಿಂದ ಇಂದಿನವರೆಗೂ ಈ ತರಬೇತಿಯ ಉದ್ದೇಶ ಇದೇ.