ಜಲಗಾರರ ಹೊನ್ನು

ಜಲಗಾರ ಎಂದೊಡನೆ ಇಂದಿನ ಕನ್ನಡಿಗನಿಗೆ ನೆನಪಾಗುವವನು ಬೀದಿ ಗುಡಿಸುವವನು. ಕುವೆಂಪು ಅವರ 'ಜಲಗಾರ' ನಾಟಕ ಆ ಅರ್ಥವನ್ನೇ ನಾಡಿನ ಮನಸ್ಸಿನಲ್ಲಿ ನೆಲೆಗೊಳಿಸಿತು. ಆದರೆ ಹರಪನಹಳ್ಳಿಯ ಸೀಮೆಯಲ್ಲಿಯೂ, ಹೂವಿನಹಡಗಲಿಗೆ ಎದುರಾಗಿ ತುಂಗಭದ್ರೆಯ ಆಚೆಗಿರುವ ಕಪ್ಪತಗುಡ್ಡದ ತಪ್ಪಲಿನಲ್ಲಿಯೂ ಒಂದು ಕಾಲಕ್ಕೆ ಈ ಮಾತಿನ ಅರ್ಥ ಬೇರೆಯಾಗಿತ್ತು. ಹಳ್ಳದ ಮರಳನ್ನು ತೊಳೆದು ಹೊನ್ನು ತೆಗೆಯುವವನೇ ಅಲ್ಲಿ ಜಲಗಾರ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರು 1874ರಲ್ಲಿ ಡಂಬಳ ಸೀಮೆಯ ಬಂಗಾರದ ವಿಷಯವಾಗಿ ಬರೆದರು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಶಿಲೆಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಕಪ್ಪತಗುಡ್ಡದ ಬಳಿ ಡೋಣಿ, ಸೊರಟೂರುಗಳ ಹಳ್ಳಗಳು, ಹರಪನಹಳ್ಳಿ ತಾಲ್ಲೂಕಿನಲ್ಲಿ ಕೊಂಗನಹೊಸೂರಿನ ಹಳ್ಳ, ಇವು ಜಲಗಾರರ ಹೊಲಗದ್ದೆಗಳೆನ್ನಬಹುದು.

ಅವರ ವಿದ್ಯೆ ಸರಳವಾದದ್ದು, ಆದರೆ ಸುಲಭವಾದದ್ದಲ್ಲ. ಬೆಣಚುಕಲ್ಲಿನ ಪದರಗಳಲ್ಲಿ ಅಡಗಿದ ಹೊನ್ನು ಮಳೆಗಾಳಿಗಳಿಗೆ ಸಡಿಲಗೊಂಡು ಹಳ್ಳಕ್ಕೆ ಇಳಿಯುತ್ತದೆ. ಹೊನ್ನಿನ ತೂಕ ನೀರಿನ ಹತ್ತೊಂಬತ್ತು ಪಟ್ಟು. ಆದುದರಿಂದ ಪ್ರವಾಹ ಹಗುರವಾದ ಮಣ್ಣನ್ನು ಒಯ್ದರೂ ಅದು ತಳದಲ್ಲಿ ನಿಲ್ಲುತ್ತದೆ. ಮರದ ತಟ್ಟೆಯಲ್ಲಿ ಮರಳು ತುಂಬಿ, ನೀರಿನಲ್ಲಿ ತಿರುವಿ ತಿರುವಿ ಚೆಲ್ಲಿದರೆ ಕೊನೆಗೆ ಉಳಿಯುವುದು ಕಪ್ಪುಮರಳು. ಅದರ ಅಂಚಿನಲ್ಲಿ ಹೊಳೆವ ಒಂದೆರಡು ಕಣ. ದಿನವೆಲ್ಲ ಬಗ್ಗಿದ ಬೆನ್ನಿಗೆ ಅದೇ ಕೂಲಿ.

ಮುಂದೆ ಇಂಗ್ಲೆಂಡಿನ ಬಂಡವಾಳ ಬಂದಿತು. ಕೋಲಾರದಲ್ಲಿ ದೊರೆತ ಯಶಸ್ಸಿನ ಆಸೆ ಎಲ್ಲೆಡೆ ಹಬ್ಬಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಪ್ಪತಗುಡ್ಡದ ಸೀಮೆಯಲ್ಲಿಯೂ ಗಣಿಗಳನ್ನು ತೋಡಿದರು. ಕೆಲವೇ ವರ್ಷಗಳಲ್ಲಿ ಬಿಟ್ಟುಹೋದರು. ಜಲಗಾರನಿಗೆ ಗಂಜಿಗೆ ಸಾಕಾಗುತ್ತಿದ್ದ ಹೊನ್ನು ಷೇರುದಾರನಿಗೆ ಸಾಲದಾಯಿತು! ಕೋಲಾರದ ಗಣಿಯೂ 2001ರಲ್ಲಿ ಮುಚ್ಚಿತು.

ಕೋಲಾರದ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಹಳ್ಳದ ಜಲಗಾರನಿಗೆ ಗಣಿಯೂ ಇರಲಿಲ್ಲ, ಲೆಕ್ಕಪುಸ್ತಕವೂ ಇರಲಿಲ್ಲ. ಅವನಿಂದ ಉಳಿದದ್ದು ಒಂದು ಪದ ಮಾತ್ರ. ಅದೂ ಹಳ್ಳ ಬಿಟ್ಟು ಅಕ್ಕಸಾಲಿಗರ ಅಂಗಡಿಯ ಕಸ ತೊಳೆದು ಹೊನ್ನಿನ ಧೂಳು ಆರಿಸುವವನಿಗೆ ಸಂದಿತು. ಕೊನೆಗೆ ಊರಿನ ಕಸ ತೆಗೆಯುವವನ ಹೆಸರಾಯಿತು. ಈ ದಾರಿಯನ್ನು ನಾವು ಅವನತಿ ಎಂದು ಎಣಿಸುವುದಾದರೆ ತಪ್ಪು ಪದದ್ದಲ್ಲ. ಹೊಲಸನ್ನು ಬೇರೆ ಮಾಡಿ ಬೆಲೆಯುಳ್ಳದ್ದನ್ನು ಉಳಿಸಿಕೊಡುವುದು ಅಂದೂ ಜಲಗಾರನ ಕೆಲಸ, ಇಂದೂ ಅದೇ. ಅಂದು ಅವನಿಗೆ ಒಂದೆರಡು ಕಣವಾದರೂ ಸಿಗುತ್ತಿತ್ತು. ಇಂದು ಅವನಿಗೆ ಸಲ್ಲಬೇಕಾದುದು ಸಲ್ಲುತ್ತಿದೆಯೆ ಎಂಬುದನ್ನು ಪಟ್ಟಣಿಗರಾದ ನಾವು ಕೇಳಿಕೊಳ್ಳಬೇಕಾಗಿದೆ.