ಪರ್ಸ್ ಮಿತಿ, ಹರಾಜು ಮತ್ತು ಡ್ರಾಫ್ಟ್: ಕರ್ನಾಟಕದ ತಂಡಗಳ ಇತಿಹಾಸ

ಒಂದು ಕ್ರೀಡಾ ತಂಡ ಒಂದು ಋತುವಿನಲ್ಲಿ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತವೇ ವೇತನ ಮಿತಿ. ಹರಾಜಿನಲ್ಲಿ ತಂಡ ಕಟ್ಟುವ ಲೀಗ್‌ಗಳಲ್ಲಿ ಇದನ್ನು ‘ಪರ್ಸ್’ ಎಂದು ಕರೆಯುವುದು ರೂಢಿ. ಡ್ರಾಫ್ಟ್ ಎಂದರೆ ಕೂಗಾಟವಿಲ್ಲದೆ, ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುವ ಪದ್ಧತಿ. ಎರಡರ ಉದ್ದೇಶವೂ ಒಂದೇ: ದುಡ್ಡಿರುವ ಮಾಲೀಕ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡು ಹೋಗಬಾರದು. ಕರ್ನಾಟಕದಲ್ಲಿ ಈ ಪದ್ಧತಿಗಳ ಚರಿತ್ರೆಯನ್ನು ಬಹುಮಟ್ಟಿಗೆ ಬೆಂಗಳೂರಿನ ಮೂರು ನಾಲ್ಕು ತಂಡಗಳೇ ಬರೆದಿವೆ. ಅವುಗಳಲ್ಲಿ ಹೆಚ್ಚು ಪಾಠ ಕಲಿತದ್ದು ರಾಯಲ್ ಚಾಲೆಂಜರ್ಸ್, ಅಂದರೆ ಆರ್‌ಸಿಬಿ.

ಮೂಲ

ಡ್ರಾಫ್ಟ್ ಹುಟ್ಟಿದ್ದು ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಇದನ್ನು 1935ರಲ್ಲಿ ಸೂಚಿಸಿದರು. ಮೊದಲ ಡ್ರಾಫ್ಟ್ 1936ರ ಫೆಬ್ರುವರಿಯಲ್ಲಿ ನಡೆಯಿತು. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ ಎಂಬುದು ಅದರ ನಿಯಮ. ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2000ದ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರಾಡಿ ಏಳು ಸೂಪರ್ ಬೌಲ್ ಗೆದ್ದರು. ಅದೇ ಲೀಗ್‌ಗೆ ವೇತನ ಮಿತಿ ಬಂದದ್ದು 1994ರಲ್ಲಿ; ಆಗ ಅದು ತಂಡಕ್ಕೆ 3.46 ಕೋಟಿ ಡಾಲರ್, 2025ರ ಹೊತ್ತಿಗೆ 27.92 ಕೋಟಿ ಡಾಲರ್. ಮಿತಿ ಬಂದ ಮೇಲೆ ಡ್ರಾಫ್ಟ್‌ನ ಬೆಲೆ ಇನ್ನೂ ಹೆಚ್ಚಿತು. ಎಳೆಯ ಆಟಗಾರ ಕಡಿಮೆ ಸಂಬಳಕ್ಕೆ ನಾಲ್ಕು ವರ್ಷ ಸಿಗುತ್ತಾನೆ, ಅಲ್ಲಿ ಉಳಿದ ದುಡ್ಡಿನಿಂದ ದುಬಾರಿ ಆಟಗಾರನನ್ನು ಇಟ್ಟುಕೊಳ್ಳಬಹುದು. ಮಿತಿಯೊಳಗೆ ತಂಡ ಕಟ್ಟುವ ವಿದ್ಯೆಯ ತಿರುಳು ಇಷ್ಟೇ.

2008: ಐಕಾನ್ ಮತ್ತು ಹದಿಹರೆಯದವರ ಡ್ರಾಫ್ಟ್

ಐಪಿಎಲ್‌ನ ಮೊದಲ ಹರಾಜು 2008ರ ಫೆಬ್ರುವರಿ 20ರಂದು ಮುಂಬೈಯಲ್ಲಿ ನಡೆಯಿತು. ಪ್ರತಿ ತಂಡಕ್ಕೆ 50 ಲಕ್ಷ ಡಾಲರ್ ಮಿತಿ. ಬೆಂಗಳೂರಿನ ಐಕಾನ್ ಆಟಗಾರ ರಾಹುಲ್ ದ್ರಾವಿಡ್ ಹರಾಜಿಗೆ ಬರಲಿಲ್ಲ. ತಂಡದ ಅತಿ ದುಬಾರಿ ಆಟಗಾರನಿಗಿಂತ ಐಕಾನ್‌ಗೆ ಶೇ 15ರಷ್ಟು ಹೆಚ್ಚು ಕೊಡಬೇಕೆಂಬ ನಿಯಮವಿತ್ತು. ಜಾಕ್ ಕಾಲಿಸ್ 9 ಲಕ್ಷ ಡಾಲರ್‌ಗೆ ಬೆಂಗಳೂರಿನ ಪಾಲಾದ ಕ್ಷಣದಲ್ಲೇ ದ್ರಾವಿಡ್ ಸಂಬಳ 10.35 ಲಕ್ಷವೆಂದು ನಿಶ್ಚಯವಾಯಿತು. ಪರ್ಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಣ ಇಬ್ಬರಿಗೇ ಮುಗಿಯಿತು. ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ ತಮ್ಮ ತಂಡದ ಕೈ ಸಡಿಲವಾಗಲೆಂದು ಐಕಾನ್ ಪಟ್ಟವನ್ನೇ ಬಿಟ್ಟುಕೊಟ್ಟದ್ದು ಇದೇ ಲೆಕ್ಕ ನೋಡಿ. ಅನಿಲ್ ಕುಂಬ್ಳೆ, ಜಹೀರ್ ಖಾನ್, ಮಾರ್ಕ್ ಬೌಷರ್, ಡೇಲ್ ಸ್ಟೇನ್ ಮುಂತಾದವರಿದ್ದ ಬೆಂಗಳೂರು ಎಂಟು ತಂಡಗಳಲ್ಲಿ ಏಳನೆಯದಾಯಿತು. ಹೆಸರುಗಳು ದೊಡ್ಡವೇ, ಇಪ್ಪತ್ತು ಓವರ್ ಆಟಕ್ಕೆ ಒಗ್ಗುವವರು ಕಡಿಮೆ.

ಆ ವರ್ಷದ ನಿಜವಾದ ಲಾಭ ಹರಾಜಿನ ಹೊರಗೆ ಬಂತು. ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಭಾರತದ ಹುಡುಗರನ್ನು ನಿಗದಿತ ಸಂಬಳಕ್ಕೆ ಡ್ರಾಫ್ಟ್ ಮೂಲಕ ಹಂಚಿದರು. ದೆಹಲಿಗೆ ತನ್ನದೇ ಊರಿನ, ಆ ವಿಶ್ವಕಪ್ ತಂಡದ ನಾಯಕನೂ ಆಗಿದ್ದ ವಿರಾಟ್ ಕೊಹ್ಲಿಯನ್ನು ಆರಿಸುವ ಅವಕಾಶವಿತ್ತು. ಸೆಹ್ವಾಗ್, ಗಂಭೀರ್, ಧವನ್ ಇದ್ದ ಆ ತಂಡಕ್ಕೆ ಬ್ಯಾಟ್ಸ್‌ಮನ್ ಬೇಕಿರಲಿಲ್ಲ. ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡಿತು. ಕೊಹ್ಲಿ ಬೆಂಗಳೂರಿನ ಪಾಲಾದರು. ತಂಡದ ಕೊರತೆ ನೋಡಿ ಆರಿಸಬೇಕೋ, ಉಳಿದವರಲ್ಲಿ ಶ್ರೇಷ್ಠನನ್ನು ಆರಿಸಬೇಕೋ ಎಂಬ ಪ್ರಶ್ನೆಗೆ ಭಾರತದ ಕ್ರೀಡೆಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ದೆಹಲಿ ಅಂದು ಮಾಡಿದ್ದು ಅವಿವೇಕವೇನಲ್ಲ. ಆದರೆ ಕೊರತೆ ಒಂದು ವರ್ಷದ್ದು, ಪ್ರತಿಭೆ ಹದಿನೈದು ವರ್ಷದ್ದು.

ಮೇಲ್ಭಾರದ ವರ್ಷಗಳು

2009ರಲ್ಲಿ ಕೆವಿನ್ ಪೀಟರ್ಸನ್ 15.5 ಲಕ್ಷ ಡಾಲರ್‌ಗೆ ಬಂದರು. ಆ ವರ್ಷ ತಂಡವನ್ನು ಫೈನಲ್‌ಗೆ ಒಯ್ದವರು ಮಾತ್ರ ಕುಂಬ್ಳೆ. ಜೊಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಸೋಲು 6 ರನ್‌ಗಳದ್ದು. 2011ರ ಮಹಾ ಹರಾಜಿಗೆ ಪರ್ಸ್ 90 ಲಕ್ಷ ಡಾಲರ್ ಆಯಿತು. ಆರ್‌ಸಿಬಿ ಉಳಿಸಿಕೊಂಡದ್ದು ಕೊಹ್ಲಿಯೊಬ್ಬರನ್ನೇ, 18 ಲಕ್ಷಕ್ಕೆ. ದ್ರಾವಿಡ್ ರಾಜಸ್ಥಾನಕ್ಕೂ ರಾಬಿನ್ ಉತ್ತಪ್ಪ ಪುಣೆಗೂ ಹೋದರು. ಕನ್ನಡದ ಅಭಿಮಾನಿಗಳಿಗೆ ಅದು ನುಂಗಲಾರದ ತುತ್ತಾಗಿತ್ತು. ಸೌರಭ್ ತಿವಾರಿಗೆ 16 ಲಕ್ಷ ಡಾಲರ್ ಸುರಿದ ಅದೇ ತಂಡ, ಯಾರೂ ಕೊಳ್ಳದೆ ಬಿಟ್ಟಿದ್ದ ಕ್ರಿಸ್ ಗೇಲ್ ಅವರನ್ನು ಗಾಯಗೊಂಡ ಡರ್ಕ್ ನ್ಯಾನಸ್ ಬದಲಿಗೆ ಕರೆಸಿತು. ಗೇಲ್ 608 ರನ್ ಹೊಡೆದು ಆ ವರ್ಷದ ಅತಿ ಹೆಚ್ಚು ರನ್ ಗಳಿಸಿದವರಾದರು, ತಂಡ ಮತ್ತೆ ಫೈನಲ್ ಆಡಿತು.

2014ರಲ್ಲಿ ಲೆಕ್ಕ ರೂಪಾಯಿಗೆ ಬಂತು: ಪರ್ಸ್ 60 ಕೋಟಿ. ಕೊಹ್ಲಿ, ಡಿವಿಲಿಯರ್ಸ್, ಗೇಲ್ ಮೂವರನ್ನೂ ಉಳಿಸಿಕೊಂಡದ್ದಕ್ಕೆ 29.5 ಕೋಟಿ ಕಡಿತವಾಗಿ ಹರಾಜಿಗೆ 30.5 ಕೋಟಿ ಉಳಿಯಿತು. ಅದರಲ್ಲಿ 14 ಕೋಟಿ ಯುವರಾಜ್ ಸಿಂಗ್ ಒಬ್ಬರಿಗೆ. ಉಳಿದ 16.5 ಕೋಟಿಯಲ್ಲಿ ಬೌಲಿಂಗ್ ವಿಭಾಗವನ್ನೂ ಮೀಸಲು ಆಟಗಾರರನ್ನೂ ಕಟ್ಟಬೇಕಿತ್ತು. ತಂಡ ಏಳನೇ ಸ್ಥಾನಕ್ಕಿಳಿಯಿತು. ಮುಂದಿನ ಹರಾಜಿಗೆ ಮೊದಲೇ ಯುವರಾಜ್ ಅವರನ್ನು ಬಿಟ್ಟುಕೊಟ್ಟರು. 2016ರಲ್ಲಿ ಕೊಹ್ಲಿ 973 ರನ್ ಗಳಿಸಿದರೂ ಚಿನ್ನಸ್ವಾಮಿ ಅಂಗಳದ ಫೈನಲ್‌ನಲ್ಲಿ ಹೈದರಾಬಾದ್ 208 ಹೊಡೆಯಿತು, ಆರ್‌ಸಿಬಿ 8 ರನ್‌ಗಳಿಂದ ಸೋತಿತು. ಬ್ಯಾಟಿಂಗ್‌ಗೆ ಸುರಿದ ದುಡ್ಡಿನ ಎದುರು ಬೌಲಿಂಗ್ ಬಡವಾಗಿದ್ದದ್ದು ಆ ರಾತ್ರಿ ಎಲ್ಲರ ಕಣ್ಣಿಗೆ ಬಿತ್ತು.

2022ರ ಹರಾಜಿನಲ್ಲಾದ ತಪ್ಪು ಇನ್ನೂ ದೊಡ್ಡದು. 90 ಕೋಟಿಯಲ್ಲಿ ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್ ಮೂವರಿಗೆ 33 ಕೋಟಿ. ಎಂಟು ವರ್ಷ ಚಿನ್ನಸ್ವಾಮಿಯಂಥ ಚಿಕ್ಕ ಅಂಗಳದಲ್ಲಿ ಬೌಲಿಂಗ್ ಮಾಡಿ ಗೆದ್ದುಕೊಟ್ಟ ಯಜುವೇಂದ್ರ ಚಾಹಲ್ ಅವರನ್ನು ಬಿಟ್ಟರು. ರಾಜಸ್ಥಾನ 6.5 ಕೋಟಿಗೆ ಕೊಂಡಿತು, ಅವರು 27 ವಿಕೆಟ್ ಕಿತ್ತು ಆ ವರ್ಷದ ಪರ್ಪಲ್ ಕ್ಯಾಪ್ ಪಡೆದರು. ಅದೇ ವರ್ಷ ಹರಾಜಿನಲ್ಲಿ ಬಿಕರಿಯಾಗದೆ ಉಳಿದಿದ್ದ ರಜತ್ ಪಾಟೀದಾರ್, ಗಾಯಗೊಂಡ ಕರ್ನಾಟಕದ ವಿಕೆಟ್‌ಕೀಪರ್ ಲವನೀತ್ ಸಿಸೋಡಿಯಾ ಬದಲಿಗೆ 20 ಲಕ್ಷಕ್ಕೆ ಬಂದರು. ಕೋಲ್ಕತ್ತದ ಎಲಿಮಿನೇಟರ್‌ನಲ್ಲಿ ಲಖನೌ ವಿರುದ್ಧ 54 ಎಸೆತಗಳಲ್ಲಿ ಅಜೇಯ 112.

2025: ದುಡ್ಡು ಹರಡಿದ ವರ್ಷ

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಹರಾಜಿಗೆ ಪರ್ಸ್ 120 ಕೋಟಿ. ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿದ 83 ಕೋಟಿ ಹಿಡಿದುಕೊಂಡು ಆರ್‌ಸಿಬಿ ಹೋಯಿತು. ನಿರ್ದೇಶಕ ಮೊ ಬೊಬಾಟ್, ಕೋಚ್ ಆಂಡಿ ಫ್ಲವರ್, ಮೆಂಟರ್ ದಿನೇಶ್ ಕಾರ್ತಿಕ್ ಮೇಜಿನ ಮುಂದಿದ್ದರು. ಮೊದಲ ದಿನ ಸಾಮಾಜಿಕ ಜಾಲತಾಣಗಳಲ್ಲಿ ಅಭಿಮಾನಿಗಳು ಸಿಟ್ಟಾದರು: ಕೆ.ಎಲ್. ರಾಹುಲ್ 14 ಕೋಟಿಗೆ ದೆಹಲಿಯ ಪಾಲಾದರು, ಸಿರಾಜ್ 12.25 ಕೋಟಿಗೆ ಗುಜರಾತ್ ಸೇರಿದರು. ಬೇರೆ ತಂಡ ಕೂಗಿದ ಬೆಲೆ ಕೊಟ್ಟು ತನ್ನ ಹಳೆಯ ಆಟಗಾರನನ್ನು ವಾಪಸ್ ಪಡೆಯುವ ಆರ್‌ಟಿಎಂ ಕಾರ್ಡ್ ಕೈಯಲ್ಲಿದ್ದೂ ತಂಡ ಸಿರಾಜ್ ಅವರಿಗೆ ಅದನ್ನು ಬಳಸಲಿಲ್ಲ.

ಪಟ್ಟಿ ಪೂರ್ತಿಯಾದಾಗ ಲೆಕ್ಕ ಅರ್ಥವಾಯಿತು. ಹೇಜಲ್‌ವುಡ್ 12.5, ಫಿಲ್ ಸಾಲ್ಟ್ 11.5, ಜಿತೇಶ್ ಶರ್ಮ 11, ಭುವನೇಶ್ವರ್ ಕುಮಾರ್ 10.75, ಲಿವಿಂಗ್‌ಸ್ಟನ್ 8.75, ಕೃಣಾಲ್ ಪಾಂಡ್ಯ 5.75 ಕೋಟಿ. ಟಿಮ್ ಡೇವಿಡ್ 3 ಕೋಟಿಗೆ, ಸುಯಶ್ ಶರ್ಮ 2.6 ಕೋಟಿಗೆ, ನಮ್ಮ ದೇವದತ್ತ ಪಡಿಕ್ಕಲ್ 2 ಕೋಟಿಗೆ, ರೊಮಾರಿಯೊ ಶೆಫರ್ಡ್ 1.5 ಕೋಟಿಗೆ, ರಾಯಚೂರಿನ ಮನೋಜ್ ಭಾಂಡಗೆ 30 ಲಕ್ಷಕ್ಕೆ. ಹರಾಜಿನಲ್ಲಿ ಯಾರ ಬೆಲೆಯೂ 13 ಕೋಟಿ ಮುಟ್ಟಲಿಲ್ಲ. ಇಬ್ಬರು ಅನುಭವಿ ವೇಗಿಗಳಿಗೇ 23.25 ಕೋಟಿ ತೆಗೆದಿಟ್ಟರು. ಆ ಋತುವಿನಲ್ಲಿ ತಂಡ ತವರಿನ ಹೊರಗಿನ ಏಳು ಲೀಗ್ ಪಂದ್ಯಗಳನ್ನೂ ಗೆದ್ದಿತು; ಐಪಿಎಲ್‌ನಲ್ಲಿ ಅದುವರೆಗೆ ಯಾವ ತಂಡವೂ ಹಾಗೆ ಮಾಡಿರಲಿಲ್ಲ. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಎದುರು 190 ರನ್ ಕಾಪಾಡಿಕೊಂಡು 6 ರನ್‌ಗಳಿಂದ ಕಪ್ ಗೆದ್ದರು. ಕೃಣಾಲ್ 4 ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಮರುದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಈ ಗೆಲುವಿನ ಇತಿಹಾಸ ಬರೆಯುವಾಗ ಆ ಸಾವುಗಳನ್ನು ಬಿಟ್ಟು ಬರೆಯಲಾಗದು.

ಆರ್‌ಸಿಬಿಯ ಮಹಿಳಾ ತಂಡಕ್ಕೆ ಇದೇ ಪಾಠ ಒಂದೇ ವರ್ಷದಲ್ಲಿ ದಕ್ಕಿತ್ತು. ಮಹಿಳಾ ಪ್ರೀಮಿಯರ್ ಲೀಗ್‌ನ 2023ರ ಮೊದಲ ಹರಾಜಿನಲ್ಲಿ 12 ಕೋಟಿ ಪರ್ಸಿನಿಂದ ಸ್ಮೃತಿ ಮಂದಾನಗೆ 3.4 ಕೋಟಿ ಕೊಟ್ಟ ತಂಡ ಮೊದಲ ಐದು ಪಂದ್ಯ ಸೋತಿತು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಕಪ್ ಗೆದ್ದುಕೊಟ್ಟವರು 10 ಲಕ್ಷದ ಶ್ರೇಯಾಂಕಾ ಪಾಟೀಲ ಮತ್ತು 30 ಲಕ್ಷದ ಸೋಫಿ ಮೊಲಿನೆ. ಫೈನಲ್‌ನಲ್ಲಿ ಇಬ್ಬರೂ ಸೇರಿ ಏಳು ವಿಕೆಟ್ ಉರುಳಿಸಿದರು.

ಫುಟ್‌ಬಾಲ್ ಮತ್ತು ಕಬಡ್ಡಿ

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಆಗ ಇಂಡಿಯನ್ ಸೂಪರ್ ಲೀಗ್ ಬೇರೆಯೇ ಇತ್ತು. 2015ರ ಅದರ ಹರಾಜಿನಲ್ಲಿ ಬೆಂಗಳೂರಿನ ನಾಯಕ ಸುನಿಲ್ ಚೆಟ್ರಿ 1.2 ಕೋಟಿಗೆ ಮುಂಬೈಗೂ ಯೂಜಿನ್‌ಸನ್ ಲಿಂಗ್ಡೊ 1.05 ಕೋಟಿಗೆ ಪುಣೆಗೂ ಹೋದರು. ಕಟ್ಟಿದ ತಂಡವನ್ನು ಬೇರೆಯವರು ಹಂಚಿಕೊಳ್ಳುವುದನ್ನು ಕ್ಲಬ್ಬು ನೋಡಬೇಕಾಯಿತು.

2017ರಲ್ಲಿ ಕ್ಲಬ್ಬು ಸೂಪರ್ ಲೀಗ್‌ಗೆ ಸೇರಿದಾಗ ಹಿರಿಯರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. ಚೆಟ್ರಿ ಮತ್ತು ಉದಾಂತ ಸಿಂಗ್ ಉಳಿದರು. ಎರಡು ಸಲ ಐ-ಲೀಗ್ ಗೆದ್ದ ತಂಡದ ಮಿಕ್ಕವರು ಜುಲೈ 23ರ ಡ್ರಾಫ್ಟ್ ಪಟ್ಟಿಗೆ ಹೋದರು. ಬೆಂಗಳೂರಿನ ತಯಾರಿ ಅಲ್ಲಿ ಕೆಲಸಕ್ಕೆ ಬಂತು. ಲಿಂಗ್ಡೊ ಅವರಂಥ ಕೋಟಿ ಬೆಲೆಯವರ ಹಿಂದೆ ಬೀಳದೆ ರಾಹುಲ್ ಭೆಕೆ, ಶುಭಾಶಿಶ್ ಬೋಸ್, ಹರ್ಮನ್‌ಜೋತ್ ಖಾಬ್ರಾ, ಲೆನ್ನಿ ರೊಡ್ರಿಗಸ್ ಅವರಂಥ ಕೆಲಸಗಾರರನ್ನು ಆರಿಸಿತು. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್‌ನಿಂದ ಡ್ರಾಫ್ಟ್ ಹೊರಗೆ ಬಂದರು. 2019ರ ಮಾರ್ಚ್ 17ರ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಬಂದ ಏಕೈಕ ಗೋಲು ಭೆಕೆ ಅವರದು. ಮುಂದೆ ಡ್ರಾಫ್ಟ್ ನಿಂತು ವೇತನ ಮಿತಿ ಉಳಿಯಿತು. 2020ರ ಆಸುಪಾಸಿನಲ್ಲಿ ಅದು ತಂಡಕ್ಕೆ 16.5 ಕೋಟಿ.

ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 2019ರ ಜನವರಿ 5ರಂದು ಕಪ್ ಗೆದ್ದಾಗ ಪವನ್ ಸೆಹ್ರಾವತ್ ಫೈನಲ್ ಒಂದರಲ್ಲೇ 22 ಪಾಯಿಂಟ್ ತಂದಿದ್ದರು. 2022ರಲ್ಲಿ ತಮಿಳ್ ತಲೈವಾಸ್ 4.4 ಕೋಟಿ ಪರ್ಸಿನಲ್ಲಿ 2.26 ಕೋಟಿ ಕೊಟ್ಟು ಅವರನ್ನು ಕೊಂಡಿತು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಬಿದ್ದು ಅವರು ಋತುವಿನಿಂದ ಹೊರಬಿದ್ದರು.

ಜಿಲ್ಲೆಗಳಲ್ಲಿ

ಐಪಿಎಲ್ ನೋಡಿ ಬೆಳೆದ ಹುಡುಗರು ಇದೇ ಪದ್ಧತಿಯನ್ನು ಊರಿಗೂ ತಂದಿದ್ದಾರೆ. ತುಮಕೂರು ಜಿಲ್ಲೆಯ ಗೂಳೂರು, ಗುಬ್ಬಿ, ಕುಣಿಗಲ್ ಕಡೆಯ ಟೆನಿಸ್ ಬಾಲ್ ಕ್ರಿಕೆಟ್‌ಗೂ ಇದು ಹೊಸದಲ್ಲ. ಒಂದೊಂದು ತಂಡಕ್ಕೂ ಇಂತಿಷ್ಟು ‘ಪಾಯಿಂಟ್’ ಎಂದು ಕೊಡುತ್ತಾರೆ. ಪಾಯಿಂಟ್‌ಗೆ ಹೊರಗೆ ಬೆಲೆಯಿಲ್ಲ, ಹರಾಜಿನಲ್ಲಷ್ಟೇ ನಡೆಯುತ್ತದೆ. ಮೈಕ್ ಹಿಡಿದವರು ಒಂದು ಸಾರಿ, ಎರಡು ಸಾರಿ ಎಂದು ಕೂಗುತ್ತಿದ್ದರೆ ಓನರ್ ಪಕ್ಕ ಕೂತವನು ನೋಟ್‌ಬುಕ್ಕಿನಲ್ಲಿ ಕಳೆಯುವ ಲೆಕ್ಕ ಬರೆಯುತ್ತಿರುತ್ತಾನೆ. ಸಿಕ್ಸರ್ ಹೊಡೆಯುವವನಿಗೆ ತನ್ನ ಪಾಯಿಂಟ್‌ಗಳಲ್ಲಿ ಅರ್ಧದಷ್ಟು ಸುರಿದ ತಂಡಕ್ಕೆ ಕೊನೆಗೆ ಕೀಪರ್ ಸಿಗುವುದಿಲ್ಲ. ಜೆಡ್ಡಾದ ಮೇಜಿನಲ್ಲಿ ನಡೆದದ್ದೂ ಇದೇ ಲೆಕ್ಕ.

ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿಯಲ್ಲಿ 2022ರಲ್ಲಿ ಆಟಗಾರರನ್ನು ದರ್ಜೆಗಳಾಗಿ ವಿಂಗಡಿಸಿ ಡ್ರಾಫ್ಟ್ ಮಾಡಿದರು. 2023ರಲ್ಲಿ ಹರಾಜು ಬಂತು: ಪರ್ಸ್ 50 ಲಕ್ಷ, ಅಭಿನವ್ ಮನೋಹರ್ ಅವರಿಗೆ ಶಿವಮೊಗ್ಗ ಕೊಟ್ಟದ್ದು 15 ಲಕ್ಷ. ಡ್ರಾಫ್ಟ್‌ನಲ್ಲಿ ಕೆಳ ದರ್ಜೆಯ ಹುಡುಗನಿಗೂ ಸರದಿ ಬಂದೇ ಬರುತ್ತದೆ, ಹರಾಜಿನಲ್ಲಿ ಅವನ ಹೆಸರು ಕೂಗುವ ಹೊತ್ತಿಗೆ ಪರ್ಸ್ ಬರಿದಾಗಿರಬಹುದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗ ಎಂಬ ಆರು ತಂಡಗಳ ಹೆಸರುಗಳಲ್ಲಿ ತುಮಕೂರು ಇಲ್ಲ, ಸಂಸ್ಥೆಯ ವಲಯಗಳಲ್ಲಿ ಮಾತ್ರ ತುಮಕೂರು ವಲಯವಿದೆ. ಪ್ರತಿ ತಂಡವೂ ಇಂಥ ವಲಯಗಳಿಂದ ಕಡ್ಡಾಯವಾಗಿ ಇಬ್ಬರನ್ನಾದರೂ ಡ್ರಾಫ್ಟ್ ಮೂಲಕವೇ ಆರಿಸುವಂತೆ ಸಂಸ್ಥೆ ನಿಯಮ ಮಾಡಬೇಕು.